ಚಾಲಗೇಣಿಯ ಕೆಲಸ

ಲಕ್ಷಗಟ್ಟಲೆ ಟನ್ ಅದಿರನ್ನು ಕದ್ದು ಸಾಗಿಸುವುದು ಸೋಮಾರಿಗಳಿಂದ ಆಗುವ ಕೆಲಸವಲ್ಲ. 2010ರ ಮಾರ್ಚ್‌ನಲ್ಲಿ ಅಂಕೋಲೆ ತಾಲೂಕಿನ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಸರಿಯಾದ ಪರವಾನಗಿ ಇಲ್ಲದ ಸುಮಾರು 8 ಲಕ್ಷ ಟನ್ ಕಬ್ಬಿಣದ ಅದಿರನ್ನು ಜಪ್ತಿ ಮಾಡಿತು. ಕಾಯುವ ಹೊಣೆಯನ್ನು ಬಂದರಿನ ಅಧಿಕಾರಿಗಳಿಗೆ ಒಪ್ಪಿಸಿತು. ಜೂನ್ ಹೊತ್ತಿಗೆ ನೋಡಿದರೆ ಅದರಲ್ಲಿ 5ರಿಂದ 6 ಲಕ್ಷ ಟನ್ ಅಲ್ಲಿರಲಿಲ್ಲ. ಲಾರಿಯೊಂದಕ್ಕೆ 16 ಟನ್ ಎಂದು ಹಿಡಿದರೂ 5 ಲಕ್ಷ ಟನ್ ಅಂದರೆ 31,250 ಲಾರಿಗಳ ಹೊರೆ. ಬಳ್ಳಾರಿ, ಹೊಸಪೇಟೆಯ ಕಡೆಯಿಂದ ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಬರುತ್ತಿದ್ದ ಆ ಲಾರಿಗಳು ದಾರಿಬದಿಯ ಮರಗಳ ಎಲೆಗಳನ್ನೆಲ್ಲ ಕೆಂಪು ಮಾಡಿದ್ದನ್ನು ಈ ಭಾಗದವರು ಮರೆತಿಲ್ಲ.

ಬಂದ ಅದಿರು ಹೊರಗೆ ಹೋದದ್ದು ಹೇಗೆಂದು ಯೋಚಿಸಿ. ದೊಡ್ಡ ಹಡಗು ಬಂದು ದಕ್ಕೆಗೆ ತಾಗಿ ನಿಲ್ಲುವಷ್ಟು ಆಳ ಬೇಲೆಕೇರಿಯಲ್ಲಿಲ್ಲ. ರಾಶಿಯಿಂದ ಲೋಡರ್ ಎತ್ತಬೇಕು, ಟಿಪ್ಪರ್ ದಕ್ಕೆಗೆ ತರಬೇಕು, ಬಾರ್ಜಿಗೆ ತುಂಬಬೇಕು, ಬಾರ್ಜು ಹೊರಸಮುದ್ರದಲ್ಲಿ ಲಂಗರು ಹಾಕಿದ ಹಡಗಿನ ಪಕ್ಕಕ್ಕೆ ಹೋಗಬೇಕು, ಅಲ್ಲಿ ಮತ್ತೆ ಕ್ರೇನು ಎತ್ತಬೇಕು. ನಡುವೆ ತೂಕ, ಚೀಟಿ, ಸಹಿ, ಮೊಹರು. ಒಬ್ಬಿಬ್ಬರು ಕತ್ತಲಲ್ಲಿ ಮಾಡಿ ಮುಗಿಸುವ ಕೆಲಸ ಇದಲ್ಲ. ನೂರಾರು ಜನ ವಾರಗಟ್ಟಲೆ ಹೊತ್ತಿಗೆ ಸರಿಯಾಗಿ ಬಂದು, ತಮಗೆ ಗೊತ್ತಿದ್ದ ಕಸುಬನ್ನು ಕೈತಪ್ಪದಂತೆ ಮಾಡಿ ಮನೆಗೆ ಹೋಗಿರಬೇಕು. ಬಹುತೇಕರು ಅದೇ ಕೆಲಸವನ್ನು ಜಪ್ತಿಗೆ ಮೊದಲೂ ಮಾಡುತ್ತಿದ್ದವರು. ಅವರ ಮಟ್ಟಿಗೆ ನಿನ್ನೆಯ ರಾಶಿಗೂ ಇಂದಿನ ರಾಶಿಗೂ ವ್ಯತ್ಯಾಸವೇನೂ ಕಾಣದಿದ್ದರೆ ಆಶ್ಚರ್ಯವಿಲ್ಲ.

ಕೆಟ್ಟ ಆಡಳಿತವಿರುವ ಕಚೇರಿ ಎಂದಾಗ ನಮ್ಮ ಕಣ್ಣಿಗೆ ಬರುವುದು ಖಾಲಿ ಕುರ್ಚಿಗಳು, ಧೂಳು ತಿನ್ನುವ ಕಡತಗಳು, ಚಹಾಕ್ಕೆ ಹೋದವರು ತಿರುಗಿ ಬರದ ಮಧ್ಯಾಹ್ನಗಳು. ಅಂಥವೂ ಇವೆ, ಆದರೆ ಅವು ಅಷ್ಟು ಅಪಾಯದವಲ್ಲ ಎಂದೇ ನನಗನಿಸುತ್ತದೆ. ಅಲ್ಲಿ ಕೆಲಸ ನಿಂತಿದೆ ಎಂಬುದಾದರೂ ಎಲ್ಲರಿಗೂ ಕಾಣುತ್ತದೆ. ಹೆಚ್ಚು ಭಯ ಹುಟ್ಟಿಸುವುದು ಕೆಲಸ ಚೆನ್ನಾಗಿ ನಡೆಯುತ್ತಿರುವ ಕೆಟ್ಟ ಕಚೇರಿ. ಅಲ್ಲಿ ಕೈ ಓಡುತ್ತದೆ, ಲೆಕ್ಕ ಕೂಡುತ್ತದೆ, ಗುರಿ ಮುಟ್ಟುತ್ತದೆ. ಯಾವುದಕ್ಕಾಗಿ ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ. ಬರುವುದಾದರೆ ನಮ್ಮ ಕಡೆಯ ಒಂದೇ ಮಾತು: ‘ಎಂತ ಮಾಡೂದು ಮಾರಾಯ, ಸಾಹೇಬ್ರು ಹೇಳಿದ್ರು.’

ಈ ಸಾಹೇಬರು ಹೇಳುತ್ತಾರೆ, ಬರೆಯುವುದಿಲ್ಲ. ಕೆಟ್ಟ ಮೇಲಧಿಕಾರಿಯ ಗುರುತು ಬೈಗುಳವಲ್ಲ. ಬೈಯುವ ಒಳ್ಳೆಯವರನ್ನು ನಾವೆಲ್ಲ ಕಂಡಿದ್ದೇವೆ. ಅವನ ಗುರುತು ಬಾಯಿಮಾತಿನ ಆದೇಶ. ಕಡತ ಹೋದರೆ ಅಂಚಿನಲ್ಲಿ ‘ಚರ್ಚಿಸಿ’ ಎಂಬ ಒಂದೇ ಪದ ಬರೆದು ವಾಪಸು ಬರುತ್ತದೆ. ಚರ್ಚೆಯಲ್ಲಿ ಆಗಬೇಕಾದ್ದು ಆಗುತ್ತದೆ, ಕಾಗದದ ಮೇಲೆ ಏನೂ ಇರುವುದಿಲ್ಲ. ಮುಂದೆ ಕಾರಣ ಕೇಳಿ ನೋಟಿಸ್ ಬರುವುದು ವಿಷಯ ನಿರ್ವಾಹಕನಿಗೆ. ಆದೇಶಕ್ಕೆ ಒಡೆಯನಿಲ್ಲ, ತಪ್ಪಿಗೆ ಮಾತ್ರ ಒಬ್ಬ ಒಡೆಯ ಸಿಗುತ್ತಾನೆ, ಅವನು ಯಾವಾಗಲೂ ಕೆಳಗಿನವನು. ಇಂಥ ಕಚೇರಿಯಲ್ಲಿ ಕೆಲವು ವರ್ಷ ಇದ್ದವನಿಗೆ ಒಂದು ಅಭ್ಯಾಸ ಬೆಳೆಯುತ್ತದೆ. ತಾನು ಮಾಡುವುದರಿಂದ ತಾನೇ ಸ್ವಲ್ಪ ದೂರ ನಿಂತು ಮಾಡುವುದನ್ನು ಕಲಿಯುತ್ತಾನೆ. ಸಹಿ ತನ್ನದು, ಆದರೆ ತಾನು ಹಾಕಿದ್ದಲ್ಲ. ಕೈ ತನ್ನದು, ಆದರೆ ಎತ್ತಿದ್ದು ತಾನಲ್ಲ. ಗೀತೆಯ ನಿಷ್ಕಾಮ ಕರ್ಮವನ್ನು ಇದಕ್ಕೆ ಹೊಂದಿಸಿ ಸಮಾಧಾನಪಟ್ಟುಕೊಳ್ಳುವವರೂ ಇದ್ದಾರೆ. ಫಲದ ಆಸೆ ಬಿಡುವುದು ಒಂದು, ಫಲ ಏನಾಯಿತೆಂದು ತಿರುಗಿಯೂ ನೋಡದಿರುವುದು ಇನ್ನೊಂದು. ಎರಡನೆಯದಕ್ಕೆ ಶಾಸ್ತ್ರದ ಬೆಂಬಲ ಬೇಕಿಲ್ಲ, ಹೆದರಿಕೆ ಸಾಕು.

ಈ ದೂರ ಎಲ್ಲಿಂದ ಹುಟ್ಟುತ್ತದೆ ಎಂದು ಹುಡುಕಹೊರಟರೆ ನಾನು ಆಡಳಿತಶಾಸ್ತ್ರದ ಪುಸ್ತಕಗಳಿಗೆ ಹೋಗುವುದಿಲ್ಲ. ಇದೇ ಅಂಕೋಲೆ, ಕುಮಟೆ, ಕಾರವಾರದ ಗದ್ದೆಗಳಿಗೆ ಹೋಗುತ್ತೇನೆ. ಇಲ್ಲಿ ಎರಡು ಬಗೆಯ ಗೇಣಿ ಇತ್ತು. ಮೂಲಗೇಣಿಯವನದು ಕಾಯಂ ಹಕ್ಕು. ಗೇಣಿ ಗೊತ್ತುಪಡಿಸಿದ್ದು, ಮಗನಿಗೂ ಮೊಮ್ಮಗನಿಗೂ ಅದೇ ನೆಲ. ಚಾಲಗೇಣಿಯವನು ಒಡೆಯನ ಮನಸ್ಸಿದ್ದಷ್ಟು ದಿನ ಉಳುವವನು. ಗೇಣಿ ಏರಿಸುವುದೂ ಬಿಡಿಸುವುದೂ ಒಡೆಯನ ಕೈಯಲ್ಲಿ. ಹಾಲಕ್ಕಿ ಒಕ್ಕಲಿಗರು ಮೊದಲಾದ ದುಡಿಯುವ ಸಮುದಾಯಗಳ ಎಷ್ಟೋ ಮನೆಗಳು ತಲೆಮಾರುಗಟ್ಟಲೆ ಹೀಗೆ ಬದುಕಿದವು. ಚಾಲಗೇಣಿಯವನು ಕೆಟ್ಟ ರೈತನಾಗಿರಲಿಲ್ಲ. ನೇಗಿಲು ಹಿಡಿಯಲು ಬರುತ್ತಿತ್ತು, ಮಳೆ ಓದಲು ಬರುತ್ತಿತ್ತು. ಆದರೆ ಬದುವಿನ ಮೇಲೆ ತೆಂಗಿನ ಸಸಿ ನೆಡುವ ಮುಂಚೆ ಅವನು ಎರಡು ಸಲ ಯೋಚಿಸಬೇಕಿತ್ತು. ಸಸಿ ಫಲಕ್ಕೆ ಬರುವ ಹೊತ್ತಿಗೆ ತಾನು ಅಲ್ಲಿರುತ್ತೇನೆಯೇ? ಗದ್ದೆಗೆ ಹೆಚ್ಚು ಗೊಬ್ಬರ ಹಾಕಿ ಹೆಚ್ಚು ಬೆಳೆದರೆ ಬರುವ ವರ್ಷ ಗೇಣಿ ಏರುವುದಿಲ್ಲವೇ? ಚೆನ್ನಾಗಿ ದುಡಿದದ್ದಕ್ಕೇ ದಂಡ ತೆರಬೇಕಾದ ಲೆಕ್ಕ ಅದು.

ಇಂದಿನ ಕಚೇರಿಯಲ್ಲಿ ಚುರುಕಾಗಿ ಕೆಲಸ ಮಾಡುವವನ ಮೇಜಿಗೇ ಪಕ್ಕದವನ ಕಡತಗಳೂ ಬಂದು ಬೀಳುವುದನ್ನು ಕಂಡಾಗ ನನಗೆ ಈ ಲೆಕ್ಕ ನೆನಪಾಗುತ್ತದೆ. ಹೊರಗುತ್ತಿಗೆಯ ಡಾಟಾ ಎಂಟ್ರಿ ಹುಡುಗಿ ಹನ್ನೊಂದು ತಿಂಗಳಿಗೊಮ್ಮೆ ತನ್ನ ಕೆಲಸ ಉಳಿಯಿತೇ ಎಂದು ಏಜೆನ್ಸಿಯ ಮುಖ ನೋಡುತ್ತಾಳೆ. ಅವಳು ಯಾವ ಸಸಿ ನೆಡಬೇಕು? ಮೇಲಧಿಕಾರಿಯೂ ಮೂಲಗೇಣಿಯವನೇನಲ್ಲ. ಕಾರವಾರ ಬೆಂಗಳೂರಿಗೆ ದೂರ, ಅದಕ್ಕೂ ಹಿಂದೆ ಮುಂಬಯಿಗೆ ದೂರ. ಇಲ್ಲಿಗೆ ವರ್ಗವಾಗಿ ಬಂದ ಅಧಿಕಾರಿ ಪೆಟ್ಟಿಗೆ ಬಿಚ್ಚುವ ಮುಂಚೆಯೇ ಹಿಂದಿರುಗುವ ದಾರಿ ಹುಡುಕುವುದುಂಟು. (ಈ ಊರಿಗೆ ಬಂದುಹೋದ ಅಧಿಕಾರಿಗಳಲ್ಲಿ ಜನ ಈಗಲೂ ಹೆಸರು ಹೇಳುವುದು ನ್ಯಾಯಾಧೀಶ ಸತ್ಯೇಂದ್ರನಾಥ ಠಾಕೂರರದು. ಅದೂ 1880ರ ದಶಕದ ಆರಂಭದಲ್ಲಿ ತಮ್ಮ ರವೀಂದ್ರನಾಥ ಅವರ ಮನೆಯಲ್ಲಿ ಉಳಿದು ಸಮುದ್ರ ನೋಡುತ್ತ ನಾಟಕ ಬರೆದ ಎಂಬ ಕಾರಣಕ್ಕೆ!) ಒಂದು ಮಳೆಗಾಲ ಕಳೆದರೆ ಸಾಕು ಎಂದು ಕಾಯುವವನ ಕೆಳಗೆ, ಹನ್ನೊಂದು ತಿಂಗಳು ಕಳೆದರೆ ಸಾಕು ಎಂದು ಕಾಯುವವರು. ಹೀಗೆ ಮೇಲಿನಿಂದ ಕೆಳಗಿನವರೆಗೆ ಎಲ್ಲರೂ ಚಾಲಗೇಣಿಯವರೇ ಆದ ಮೇಲೆ ನೆಲ ಯಾರದ್ದು?

ಹಾಗೆಂದು ಮೇಲ್ವಿಚಾರಣೆಯೇ ಬೇಡ ಎನ್ನಲು ನನಗೆ ಧೈರ್ಯವಿಲ್ಲ. ಹಿನ್ನೀರಿನ ಪಕ್ಕದ ಗಜನಿ ಗದ್ದೆಗಳಲ್ಲಿ ದುಡಿದವರಿಗೆ ಇದು ಗೊತ್ತು. ಉಪ್ಪುನೀರು ತಡೆಯುವ ಕಟ್ಟೆ ಒಬ್ಬರ ಗದ್ದೆಯ ವಿಷಯವಲ್ಲ. ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ನೀರು ನುಗ್ಗುತ್ತದೆ. ಯಾರಾದರೂ ಒಬ್ಬರು ಸುತ್ತು ಹಾಕಿ ನೋಡಬೇಕು, ಆಳು ಕೂಡಿಸಬೇಕು, ಇವತ್ತೇ ಆಗಬೇಕು ಎಂದು ಗಟ್ಟಿಯಾಗಿ ಹೇಳಬೇಕು. ಆ ಹೇಳುವ ಕೆಲಸವೂ ಕೆಲಸವೇ, ಸುಲಭದ್ದಲ್ಲ. ನಮ್ಮ ದೂರು ಹೇಳುವವನಿದ್ದಾನೆ ಎಂಬುದಲ್ಲ. ಕಟ್ಟೆಯನ್ನು ಒಮ್ಮೆಯೂ ನೋಡದೆ ಹೇಳುತ್ತಾನೆ ಎಂಬುದು.

ಇಷ್ಟು ಹೇಳಿ ಬೇಲೆಕೇರಿಗೆ ಬಂದರೆ, ಅಲ್ಲಿಯ ಅತ್ಯಂತ ಅಪರೂಪದ ಸಂಗತಿ ಕಳ್ಳತನವಲ್ಲ ಎಂದು ನನಗೆ ಕಾಣುತ್ತದೆ. ಕಾರವಾರದ ಆಗಿನ ಉಪ ಅರಣ್ಯ ಸಂರಕ್ಷಣಾಧಿಕಾರಿ ಆರ್. ಗೋಕುಲ್ ಜಪ್ತಿ ಮಾಡಿದ ಅದಿರು ಹೋಯಿತೆಂದು ಎತ್ತಿ ಹೇಳಿದಾಗ, ಅವರ ಮೇಲೆಯೇ ಅಮಾನತಿನ ಕ್ರಮಕ್ಕೆ ಸರ್ಕಾರ ಮುಂದಾಯಿತು. ಇದು ಅಪರೂಪವಲ್ಲ, ಇದು ರೂಢಿ. ಅಪರೂಪದ್ದು ನಂತರ ಆಯಿತು. 2010ರ ಜೂನ್ 23ರಂದು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ಟರು. ಪ್ರಾಮಾಣಿಕ ಅಧಿಕಾರಿಯೊಬ್ಬನನ್ನು ಕಾಪಾಡಲಾಗದಿದ್ದರೆ ತಾನು ಈ ಕುರ್ಚಿಯಲ್ಲಿದ್ದು ಏನು ಪ್ರಯೋಜನ ಎಂಬುದು ಅವರ ಮಾತಿನ ತಿರುಳು. ಮೇಲಿನವರನ್ನು ಉಳಿಸಲು ಕೆಳಗಿನವರು ಬಲಿಯಾದ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಕೆಳಗಿನವನಿಗಾಗಿ ಮೇಲಿನವನು ಎದ್ದುಹೋದ ಕಥೆ ಹುಡುಕಿದರೆ ಸಿಗುವುದು ಕಷ್ಟ. ಗೋಕುಲ್ ಲೋಕಾಯುಕ್ತರ ಸಿಬ್ಬಂದಿಯೂ ಆಗಿರಲಿಲ್ಲ, ಬೇರೆ ಇಲಾಖೆಯವರು.

ಹತ್ತು ದಿನಗಳಲ್ಲಿ, ಜುಲೈ 3ರಂದು, ಹೆಗ್ಡೆಯವರು ರಾಜೀನಾಮೆ ಹಿಂತೆಗೆದುಕೊಂಡರು. ಎಲ್.ಕೆ. ಅಡ್ವಾಣಿಯವರು ಕೇಳಿಕೊಂಡರೆಂಬುದು ಕಾರಣ. ಆಗ ಹಲವರು ಮೂಗು ಮುರಿದರು. ನನಗೆ ಆ ಹಿಂತೆಗೆತ ಸಣ್ಣತನವಾಗಿ ಕಾಣುವುದಿಲ್ಲ. 2011ರ ಜುಲೈ 27ರಂದು ಅವರು ಕೊಟ್ಟ ಅಕ್ರಮ ಗಣಿಗಾರಿಕೆಯ ವರದಿ, ಅದೇ ತಿಂಗಳ ಕೊನೆಗೆ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಹುದ್ದೆ ಬಿಡುವಂತಾದದ್ದು, ಇವೆಲ್ಲ ಅವರು ತಿರುಗಿ ಬಂದು ಕುಳಿತದ್ದರಿಂದ ಆದವು. ಬಿಟ್ಟುಹೋಗುವುದೇ ಧೈರ್ಯ, ಉಳಿಯುವುದು ರಾಜಿ ಎಂದು ನಾವು ಬೇಗ ತೀರ್ಪು ಕೊಡುತ್ತೇವೆ. ಯಾರು ಬಿಟ್ಟುಹೋಗಬಲ್ಲರು ಎಂಬ ಪ್ರಶ್ನೆಯನ್ನು ಕೇಳುವುದಿಲ್ಲ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಾಧೀಶರಾಗಿ ನಿವೃತ್ತರಾದವರು ರಾಜೀನಾಮೆ ಬರೆದರೆ ದೇಶ ಓದುತ್ತದೆ. ದಕ್ಕೆಯ ಗುಮಾಸ್ತ ಬರೆದರೆ ಮರುದಿನ ಆ ಜಾಗಕ್ಕೆ ಇನ್ನೊಬ್ಬ ಬಂದು ಕೂರುತ್ತಾನೆ, ಅವನ ಮನೆಯಲ್ಲಿ ಅಕ್ಕಿ ಡಬ್ಬಿ ಬರಿದಾಗುತ್ತದೆ, ಬೇರೇನೂ ಆಗುವುದಿಲ್ಲ. ಕೆಟ್ಟ ಕಚೇರಿಯಲ್ಲಿ ಇರುವವನಿಗೆ ‘ಬಿಟ್ಟುಬಿಡಬಹುದಲ್ಲ’ ಎನ್ನುವವರು ಸಾಮಾನ್ಯವಾಗಿ ಬಿಡಬಲ್ಲವರು.

ಬಿಡಲೂ ಆಗದೆ, ಹೇಳಲೂ ಆಗದೆ ಉಳಿದವನ ಸಿಟ್ಟು ಎಲ್ಲಿಗೆ ಹೋಗುತ್ತದೆ? ಇದಕ್ಕೆ ಉತ್ತರ ಹುಡುಕುವಾಗ ಕೈಗಾ ನೆನಪಾಗದೆ ಇರದು. 2009ರ ನವೆಂಬರ್‌ನಲ್ಲಿ ಕಾರವಾರ ತಾಲೂಕಿನ ಕೈಗಾ ಅಣುವಿದ್ಯುತ್ ಕೇಂದ್ರದ ನೌಕರರ ಮೂತ್ರವನ್ನು ಎಂದಿನಂತೆ ಪರೀಕ್ಷಿಸಿದಾಗ ಟ್ರಿಟಿಯಂ ಹೆಚ್ಚಾಗಿರುವುದು ಕಂಡಿತು. ಹುಡುಕಿದರೆ, ಕುಡಿಯುವ ನೀರಿನ ಕೂಲರಿಗೆ ಯಾರೋ ರಿಯಾಕ್ಟರಿನ ಭಾರಜಲ ಬೆರೆಸಿದ್ದರು. ನೀರು ಕುಡಿದ ಹಲವರಿಗೆ ಚಿಕಿತ್ಸೆ ಬೇಕಾಯಿತು. ಇದು ಹೊರಗಿನವರ ಕೆಲಸವಲ್ಲ, ಒಳಗಿನವರದ್ದೇ ಎಂದು ಅಣುಶಕ್ತಿ ಆಯೋಗದ ಆಗಿನ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಹೇಳಿದರು. ಅಸಮಾಧಾನಗೊಂಡ ನೌಕರನ ಕೃತ್ಯವಿರಬಹುದು ಎಂಬ ಮಾತೂ ಕೇಳಿಬಂತು. ಬೆರೆಸಿದವನ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವುದು ನನ್ನ ಕೆಲಸವಲ್ಲ. ನನ್ನನ್ನು ಕಾಡುವುದು ಆ ಕೂಲರು ಇದ್ದ ಜಾಗ. ಮೇಲಧಿಕಾರಿಗಳು ಕೂರುವ ಹವಾನಿಯಂತ್ರಿತ ಕೋಣೆಯಲ್ಲಿ ಅಲ್ಲ, ಪಾಳಿಯಲ್ಲಿ ದುಡಿಯುವವರು ಬಂದು ನೀರು ಹಿಡಿಯುವ ಕಡೆ. ಕಚೇರಿಯ ವಿಷ ಮೇಲಕ್ಕೆ ಏರುವುದು ಅಪರೂಪ. ಅದು ಪಕ್ಕದವನ ಲೋಟಕ್ಕೆ ಬೀಳುತ್ತದೆ. ಚಾಡಿ, ಬೇನಾಮಿ ಅರ್ಜಿ, ಸಹೋದ್ಯೋಗಿಯ ರಜೆಗೆ ಅಡ್ಡಗಾಲು, ಜಾತಿಯ ಪಿಸುಮಾತು, ಎಲ್ಲವೂ ಒಂದೇ ಸಾಲಿನಲ್ಲಿ ಕುಳಿತವರ ನಡುವೆಯೇ ಸುತ್ತುತ್ತವೆ.

ಈ ಸುತ್ತಾಟವನ್ನು ಕನ್ನಡದಲ್ಲಿ ಯಶವಂತ ಚಿತ್ತಾಲರಷ್ಟು ಆಳಕ್ಕೆ ಇಳಿದು ನೋಡಿದವರಿಲ್ಲ. ಗಂಗಾವಳಿಯ ಆಚೆ ದಡದ ಹನೇಹಳ್ಳಿಯವರು ಅವರು. ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿದು ಮೇಲಿನ ಹುದ್ದೆಗೇರಿದವರು. 1979ರ ‘ಶಿಕಾರಿ’ಯಲ್ಲಿ ಅದೇ ಊರಿನ ಮೂಲದ ನಾಗಪ್ಪ ಕಂಪನಿಯೊಂದರ ಒಳಸಂಚಿಗೆ ಸಿಕ್ಕಿ, ತನ್ನ ಮೇಲೆ ಏನು ಆರೋಪವಿದೆ ಎಂಬುದೂ ಸರಿಯಾಗಿ ತಿಳಿಯದೆ ತಳಮಳಿಸುತ್ತಾನೆ. ಬೇಟೆಗಾರ ಯಾರು ಎಂದು ಅವನು ಹುಡುಕುತ್ತ ಹೋದಂತೆ ಅನುಮಾನ ಎಲ್ಲರ ಮುಖಕ್ಕೂ ಅಂಟುತ್ತದೆ, ಊರಿನ ಹಳೆಯ ನೆನಪುಗಳಿಗೂ ಅಂಟುತ್ತದೆ. ಕೆಟ್ಟ ಕೆಲಸದ ಜಾಗ ಸಂಜೆ ಆರಕ್ಕೆ ಮುಗಿಯುವುದಿಲ್ಲ ಎಂಬುದನ್ನು ಈ ಕಾದಂಬರಿ ಓದಿದವರಿಗೆ ಬೇರೆ ಹೇಳಬೇಕಿಲ್ಲ. ಅದು ಮನೆಗೆ ಬರುತ್ತದೆ, ಊಟಕ್ಕೆ ಕೂರುತ್ತದೆ, ತಾನು ಯಾರ ಮಗ ಎಂಬಲ್ಲಿಯವರೆಗೆ ಅಗೆಯುತ್ತದೆ.

ಆದರೆ ಜಾಗ ಕೆಟ್ಟದ್ದೆಂದು ಒಮ್ಮೆ ಬರೆದು ಮೊಹರು ಹಾಕುವಂತೆಯೂ ಇಲ್ಲ. ಅದೇ ಕೈಗಾದಲ್ಲಿ 1994ರ ಮೇ 13ರಂದು, ಕಟ್ಟುತ್ತಿದ್ದ ಮೊದಲನೆಯ ಘಟಕದ ಗುಮ್ಮಟದ ಒಳಪದರದ ಕಾಂಕ್ರೀಟು ಕಳಚಿ ಬಿದ್ದಿತ್ತು. ವಿನ್ಯಾಸವನ್ನು ಮತ್ತೆ ಮಾಡಬೇಕಾಯಿತು, ವರ್ಷಗಳೇ ಹೋದವು. ಅದೇ ಮೊದಲನೆಯ ಘಟಕ ಸರಿಯಾಗಿ 22 ವರ್ಷಗಳ ನಂತರ, 2016ರ ಮೇ 13ರಂದು ಶುರುವಾಗಿ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ನಡೆಯಿತು. ಆಗ ಅದು ಜಗತ್ತಿನ ದಾಖಲೆ. ತಾರೀಖು ಹೊಂದಿದ್ದು ಕಾಕತಾಳೀಯ, ಉಳಿದದ್ದು ಅಲ್ಲ. ಗುಮ್ಮಟ ಬಿದ್ದದ್ದನ್ನು ಮುಚ್ಚಿಡಲು ಸಾಧ್ಯವಿರಲಿಲ್ಲ. ಲೆಕ್ಕವನ್ನು ಮತ್ತೆ ತೆಗೆದು, ಎಲ್ಲಿ ತಪ್ಪಿತೆಂದು ಬರೆದು, ಮತ್ತೆ ಕಟ್ಟಿದರು. ಬಿದ್ದದ್ದು ಕಾಂಕ್ರೀಟಾದರೆ ಈ ಅನುಕೂಲವಿದೆ. ಕಚೇರಿಯೊಳಗೆ ನಂಬಿಕೆ ಬಿದ್ದರೆ ಸದ್ದೇ ಆಗುವುದಿಲ್ಲ, ತನಿಖಾ ಸಮಿತಿ ಬರುವುದಿಲ್ಲ.

ಹಾಗಾದರೆ ಕೆಳಗಿನವನ ಕೈಯಲ್ಲಿ ಏನಿದೆ? ಬಹಳವಿಲ್ಲ. ಆದರೆ ಒಂದು ಸಣ್ಣ ನಿಯಮವಿದೆ, ನೌಕರರಲ್ಲೇ ಎಷ್ಟೋ ಜನ ಅದನ್ನು ಓದಿರುವುದಿಲ್ಲ. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ ಪ್ರಕಾರ ಮೇಲಧಿಕಾರಿಯ ಸೂಚನೆ ಸಾಮಾನ್ಯವಾಗಿ ಬರವಣಿಗೆಯಲ್ಲಿರಬೇಕು. ಬಾಯಿಮಾತಿನಲ್ಲಿ ಕೊಡುವುದು ಅನಿವಾರ್ಯವಾದರೆ ಅವನು ಕೂಡಲೇ ಅದನ್ನು ಬರೆದು ದೃಢಪಡಿಸಬೇಕು. ಪಡೆದವನೂ ಹಾಗೆ ಬರೆಸಿಕೊಳ್ಳಬೇಕು. ಗಮನಿಸಿ, ಇದನ್ನು ಕೆಳಗಿನವನ ಹಕ್ಕು ಎಂದಷ್ಟೇ ಅಲ್ಲ, ಅವನ ಕರ್ತವ್ಯ ಎಂದು ನಿಯಮ ಹೇಳುತ್ತದೆ. ‘ತಮ್ಮ ಮೌಖಿಕ ಸೂಚನೆಯಂತೆ’ ಎಂದು ಟಿಪ್ಪಣಿಯ ಮೊದಲ ಸಾಲು ಬರೆದ ಕ್ಷಣ, ಒಡೆಯನಿಲ್ಲದ ಆದೇಶಕ್ಕೆ ಒಬ್ಬ ಒಡೆಯ ಹುಟ್ಟುತ್ತಾನೆ. ಅದನ್ನು ಬರೆದವರಿಗೆ ಏನಾಗುತ್ತದೆ ಎಂಬುದೂ ಎಲ್ಲರಿಗೂ ಗೊತ್ತು. ವರ್ಗಾವಣೆ, ಬಡ್ತಿ ತಡೆ, ಊಟದ ಹೊತ್ತಿಗೆ ಜೊತೆಗೆ ಕೂರುವವರ ಸಂಖ್ಯೆ ಕಡಿಮೆಯಾಗುವುದು. ಇದು ಸುಲಭ ಎಂದು ಬರೆಯುವ ಅಧಿಕಾರ ನನಗಿಲ್ಲ.

ಬರೆಯದಿದ್ದರೂ ಕಾನೂನು ಕೊನೆಗೆ ಬರುವುದು ಬರೆದ ಹೆಸರುಗಳ ಬಳಿಗೇ. ಬೇಲೆಕೇರಿ ಪ್ರಕರಣದಲ್ಲಿ 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಕಾರವಾರದ ಶಾಸಕ ಸತೀಶ್ ಸೈಲ್ ಮತ್ತಿತರರನ್ನು ತಪ್ಪಿತಸ್ಥರೆಂದು ಹೇಳಿ 7 ವರ್ಷಗಳ ಶಿಕ್ಷೆ ಕೊಟ್ಟಿತು. ಬಂದರಿನ ಉಪ ಸಂರಕ್ಷಣಾಧಿಕಾರಿಯಾಗಿದ್ದವರೂ ಆ ಪಟ್ಟಿಯಲ್ಲಿದ್ದರು. ಮರುತಿಂಗಳು ಹೈಕೋರ್ಟು ಶಿಕ್ಷೆಗೆ ತಡೆ ಕೊಟ್ಟಿತು. ಅದಿರು ಹೋಗಿ 14 ವರ್ಷಗಳಾಗಿದ್ದವು.

ಮತ್ತೆ ಗೇಣಿಯ ವಿಷಯ. ಅಂಕೋಲೆಯ ದಿನಕರ ದೇಸಾಯಿಯವರು ರೈತರನ್ನು ಕೂಡಿಸಿ ಗೇಣಿಯ ಪ್ರಶ್ನೆ ಎತ್ತಿ, 1940ರ ದಶಕದಲ್ಲಿ ಜಿಲ್ಲೆಯಿಂದಲೇ ಗಡೀಪಾರಾಗಿ ವರ್ಷಗಟ್ಟಲೆ ಹೊರಗಿದ್ದರು. ಅವರು ಎತ್ತಿದ ಪ್ರಶ್ನೆಗೆ ಪೂರ್ತಿ ಉತ್ತರ ಬಂದದ್ದು 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಲ್ಲಿ. ಉಳುವವನೇ ಒಡೆಯನಾಗಬಹುದಿತ್ತು. ಆದರೆ ನೆಲ ತಾನಾಗಿ ಕೈಗೆ ಬರುವಂತಿರಲಿಲ್ಲ. ಗೇಣಿದಾರ 7ನೇ ನಮೂನೆಯ ಅರ್ಜಿ ತುಂಬಬೇಕಿತ್ತು, ನ್ಯಾಯಮಂಡಳಿಯ ಮುಂದೆ ನಿಂತು ಈ ಗದ್ದೆ ನಾನು ಮಾಡಿದ್ದು ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಎದುರಿಗೆ ಒಡೆಯ ಕುಳಿತಿರುತ್ತಿದ್ದ. ಸಾಕ್ಷಿಗೆ ಅಕ್ಕಪಕ್ಕದ ಗದ್ದೆಯವರು ಬರಬೇಕಿತ್ತು, ಅವರಿಗೂ ಅದೇ ಒಡೆಯನ ಹಂಗು. ಸಾವಿರಾರು ಜನ ಬಂದರು, ಹೇಳಿದರು, ನೆಲ ಪಡೆದರು. ಕೆಲವರು ಬರಲೇ ಇಲ್ಲ. ತಲೆತಲಾಂತರದಿಂದ ಉತ್ತಿದ್ದರೂ ಅರ್ಜಿ ಕೊಡಲಿಲ್ಲ. ಒಡೆಯರಿಗೆ ಬೇಜಾರಾದೀತು ಎಂದರು, ಅವರ ಅನ್ನ ಉಂಡಿದ್ದೇವೆ ಎಂದರು. ಉಂಡ ಅನ್ನ ತಾವೇ ಬೆಳೆದದ್ದು ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. ಗೊತ್ತಿದ್ದೂ ಅವರು ಆ ಕಾಗದ ತುಂಬದೆ ಉಳಿದದ್ದು ಯಾಕೆ ಎಂಬುದನ್ನು, ಹೆದರಿಕೆ ಎಂಬ ಒಂದು ಪದದಲ್ಲಿ ಮುಗಿಸಲು ನನಗೆ ಇನ್ನೂ ಆಗಿಲ್ಲ.